ಘಟ್ಟದ ಮೇಲಿನ ಹುಡುಗಿ, ಏಡನ್ನಿನ ಹಡಗು: ಮಕ್ಕಳ ಐತಿಹಾಸಿಕ ಕಾದಂಬರಿ ಕಟ್ಟುವ ಕ್ರಮ

ಹಾಸನ, ಚಿಕ್ಕಮಗಳೂರು ಸೀಮೆಯ ಮಕ್ಕಳಿಗೆ ಹೊಯ್ಸಳರ ಕಾಲದ ಕಥೆ ಬರೆಯುವವರು ಸಾಮಾನ್ಯವಾಗಿ ಉಳಿ, ಸುತ್ತಿಗೆ, ಶಿಲ್ಪಿಯ ಮಗನ ಸುತ್ತಲೇ ಸುತ್ತುತ್ತಾರೆ. ಕಡಲನ್ನು ಕರಾವಳಿಯವರಿಗೆ ಬಿಟ್ಟುಕೊಟ್ಟಿದ್ದಾರೆ. ಬಿಡಬೇಕಾದ್ದೇನೂ ಇಲ್ಲ. ಸಕಲೇಶಪುರದ ಪಡುವಣ ಅಂಚಿನಲ್ಲಿ ಬಿದ್ದ ಮಳೆ ಕೆಂಪುಹೊಳೆಯಾಗಿ ಇಳಿದು, ಕೊನೆಗೆ ನೇತ್ರಾವತಿಯೊಡನೆ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಘಟ್ಟದ ಮೇಲಿನ ಮೆಣಸು, ಏಲಕ್ಕಿ, ಅಡಿಕೆಯೂ ಅತ್ತಲೇ ಇಳಿಯುತ್ತಿದ್ದವು. ಬೇಲೂರಿನ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹಡಗು ಹತ್ತಿದಳು ಎಂದು ಬರೆಯಲು ಇಷ್ಟು ಆಧಾರ ಸಾಕು. ಕಷ್ಟವಿರುವುದು ಮುಂದೆ.

ಇಂಥ ಕಥೆಗಳು ಕೆಡುವುದು ಹೆಚ್ಚಾಗಿ ಒಂದೇ ಕಡೆ. ಹುಡುಗಿಯ ಧೈರ್ಯದಿಂದ ಶುರುಮಾಡಿ, ಗಾಳಿ ಯಾವ ತಿಂಗಳು ಎತ್ತ ಬೀಸುತ್ತದೆ ಎಂಬುದನ್ನು ಕೊನೆಗೆ ನೋಡುತ್ತಾರೆ. ಹಾಯಿಹಡಗಿನ ಕಾಲದಲ್ಲಿ ಗಾಳಿ ಹೇಳಿದ ದಿನ ಹೊರಡಬೇಕು, ಅದು ಬಿಟ್ಟ ದಿನ ನಿಲ್ಲಬೇಕು. ಅದನ್ನು ಮೊದಲು ಗೊತ್ತುಮಾಡಿಕೊಂಡರೆ ಕಥೆಯ ಅರ್ಧ ಕಟ್ಟಡ ತಾನೇ ಎದ್ದು ನಿಲ್ಲುತ್ತದೆ.

ವರ್ಷ ಆರಿಸಿಕೊಳ್ಳುವುದು

"ಬಹಳ ಹಿಂದೆ" ಎಂಬ ಕಾಲದಲ್ಲಿ ಕಥೆ ನಡೆಸಬೇಡಿ. ಒಂದು ವರ್ಷ ಗೊತ್ತುಮಾಡಿ. 1140ರ ಆಸುಪಾಸು ಎಲ್ಲಕ್ಕಿಂತ ಅನುಕೂಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು, ಅಂದರೆ ನಿಮ್ಮ ಹುಡುಗಿಯ ತಂದೆ ಹುಡುಗನಾಗಿದ್ದಾಗ ಅದರ ಕೆಲಸ ನೋಡಿರಬಹುದು. ಕೆಳಗೆ ಮಂಗಳೂರಿನಲ್ಲಿ ಆಳುಪ ಅರಸರು. ಕದ್ರಿಯ ಕಂಚಿನ ಲೋಕೇಶ್ವರ ಮೂರ್ತಿ 968ರದು. ಹುಡುಗಿ ಅದನ್ನು ಕಾಣಬಹುದು. ಅದೇ ಕಾಲದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಅವನ ಪತ್ರಗಳು, ಲೆಕ್ಕದ ಚೀಟಿಗಳು ಕೈರೋದ ಹಳೆಯ ಸಿನಗಾಗ್‌ನಲ್ಲಿ ಉಳಿದು ಬಂದಿವೆ. ಮೆಣಸು, ಅಡಿಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿತ್ತು. ಕಡಲಾಚೆ ಯೆಮೆನ್ ಸೀಮೆಯ ಏಡನ್ ಬಂದರಿನಿಂದ ಬರುತ್ತಿದ್ದವುಗಳಲ್ಲಿ ಕಾಗದವೂ ಇತ್ತು. ಬೊಮ್ಮ ಎಂಬವನು ಅವನ ಸರಕಿನೊಡನೆ ಏಡನ್ನಿಗೆ ಹೋಗಿಬರುತ್ತಿದ್ದ. 1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟು ಏಡನ್ನಿಗೆ ಹೋದಾಗ ಮಗ, ಮಗಳು ಇಬ್ಬರೂ ಜೊತೆಗಿದ್ದರು. ಹುಡುಗಿಯನ್ನು ಹಡಗು ಹತ್ತಿಸಿದ್ದು ಬರೀ ಕಲ್ಪನೆ ಎನ್ನುವವರಿಗೆ ಈ ಮಗಳೇ ಉತ್ತರ.

ಬೇರೆ ಕಾಲವೂ ಆಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಹದಿಮೂರು ಶಾಲೆಗಳಿದ್ದವೆಂದು ಬರೆದಿದ್ದಾನೆ. ಓದು ಬಲ್ಲ ನಾಯಕಿ ಬೇಕಾದರೆ ಆ ಕಡೆ ಹೋಗಿ. ಟಿಪ್ಪುವಿನ ಕಾಲಕ್ಕೆ ಹೋದರೆ ಸಕಲೇಶಪುರದ ಮಂಜರಾಬಾದ್ ಕೋಟೆ ನಿಮ್ಮದಾಗುತ್ತದೆ. 1865ರ ನಂತರವಾದರೆ ಕಾಫಿ ಮೂಟೆ ಇಳಿದು ಮಂಗಳೂರು ಹೆಂಚು ಮೇಲೆ ಬರುವ ಕಥೆ. ಇಲ್ಲಿ ಮುಂದಿನ ಲೆಕ್ಕವೆಲ್ಲ 1140ರದು.

ಗಾಳಿಯ ಪಂಚಾಂಗ

ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು ಮೂರು ಸಾಲು ಎಳೆಯಿರಿ: ಕಡಲ ಗಾಳಿ, ಘಟ್ಟದ ದಾರಿ, ತೋಟದ ಬೆಳೆ.

ಕಡಲ ಸಾಲಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅಡ್ಡಗೆರೆ ಹೊಡೆಯಿರಿ. ಅದು ನೈರುತ್ಯ ಮಾರುತದ ಕಾಲ. ಅಳಿವೆಬಾಯಿಯಲ್ಲಿ ಅಲೆ ಒಡೆಯುತ್ತದೆ, ಬಂದರು ಮುಚ್ಚಿರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ ಗಾಳಿ. ಪಡುವಣಕ್ಕೆ ಹೋಗುವ ಹಡಗಿನ ಬೆನ್ನಿಗೆ ಬೀಳುವ ಗಾಳಿ ಇದೇ. ಮಾರ್ಚ್ ಬಂತೆಂದರೆ ಅದು ಸೋಲತೊಡಗುತ್ತದೆ. ಏಡನ್ನಿನಿಂದ ಮರಳುವವರು ನೈರುತ್ಯದ ಅಬ್ಬರ ಇಳಿಯುವ ಹೊತ್ತಿಗೆ, ಆಗಸ್ಟ್ ಕೊನೆಯ ಸುಮಾರಿಗೆ ಹೊರಡುತ್ತಾರೆ.

ಘಟ್ಟದ ಸಾಲಿನಲ್ಲೂ ಮಳೆಗಾಲಕ್ಕೆ ಗೆರೆ ಬೀಳುತ್ತದೆ. ಹಳ್ಳ ತುಂಬಿರುತ್ತದೆ, ಕಾಡುದಾರಿಯಲ್ಲಿ ಇಂಬಳ.

ಇನ್ನು ತೋಟದ ಸಾಲು. ಕಥೆಯ ಗಂಟು ಇಲ್ಲಿದೆ. ಏಲಕ್ಕಿ, ಅಡಿಕೆಯ ಕೊಯ್ಲು ಮಳೆ ಹಿಂದೆಗೆದ ಮೇಲೆ ಶುರುವಾಗುತ್ತದೆ. ಮಲೆನಾಡಿನ ಕಾಳುಮೆಣಸು ಕೆಂಪೇರುವುದು ಡಿಸೆಂಬರ್ ನಂತರ. ಹೀಗಾಗಿ ನವೆಂಬರ್‌ನಲ್ಲಿ ಹೊರಡುವ ಹಡಗಿಗೆ ಸಿಗುವುದು ಹಳೆಯ ಮೆಣಸು ಮಾತ್ರ. ಹೊಸ ಮೆಣಸು ಬೇಕೆಂದರೆ ಜನವರಿ ಕೊನೆಯವರೆಗೆ ಕಾಯಬೇಕು, ಅಷ್ಟರಲ್ಲಿ ಗಾಳಿಯ ಮುಕ್ಕಾಲು ಪಾಲು ಕಾಲ ಕಳೆದಿರುತ್ತದೆ. ಹುಡುಗಿಯ ಅಪ್ಪ ಕಾಯುತ್ತಾನೆ. ನಾಖುದ, ಅಂದರೆ ಹಡಗಿನ ಯಜಮಾನ, ಕಾಯಲಾರೆ ಎನ್ನುತ್ತಾನೆ. ಖಳನಾಯಕನನ್ನು ಹುಡುಕುವ ಶ್ರಮ ನಿಮಗೆ ತಪ್ಪಿತು.

ಅದೇ ಪಂಚಾಂಗ ಇನ್ನೊಂದು ಕೆಟ್ಟ ಅಭ್ಯಾಸವನ್ನೂ ಬಿಡಿಸುತ್ತದೆ. ಕಡಲ ಕಥೆ ಎಂದರೆ ಬಿರುಗಾಳಿ ಬರಲೇಬೇಕು ಎಂದು ನಾವು ನಂಬಿದ್ದೇವೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತದ ಕಾಲ ಮೇ–ಜೂನ್ ಮತ್ತು ಅಕ್ಟೋಬರ್–ನವೆಂಬರ್. ಫೆಬ್ರವರಿಯ ಕಡಲು ಬಹುಪಾಲು ಶಾಂತ. ಆಗ ಹಡಗಿಗೆ ಎದುರಾಗುವ ಅಪಾಯಗಳೇ ಬೇರೆ: ಗಾಳಿ ಸತ್ತು ಹಾಯಿ ಜೋತುಬೀಳುವುದು, ಕುಡಿಯುವ ನೀರು ತೀರುವುದು, ತಳದ ಸೋರಿಕೆ, ಲೆಕ್ಕ ತಪ್ಪಿ ಬಂಡೆಸಾಲಿಗೆ ಬೀಳುವುದು, ಕಡಲ್ಗಳ್ಳರು. ಸೊಕೋತ್ರ ದ್ವೀಪದ ಆಸುಪಾಸು ಕಡಲ್ಗಳ್ಳರಿಗೆ ಆ ಕಾಲದಲ್ಲಿ ಹೆಸರಾಗಿತ್ತು. ಯುದ್ಧ ಬೇಕೇ ಬೇಕು ಎನ್ನುವವರು 1135ರಲ್ಲಿ ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ಹಡಗುಪಡೆ ಏಡನ್ನನ್ನು ಮುತ್ತಿದ್ದನ್ನು ಮುದಿ ಖಲಾಸಿಯೊಬ್ಬನ ಬಾಯಲ್ಲಿ ಹೇಳಿಸಬಹುದು.

ಹುಡುಗಿ ಯಾರು, ಹತ್ತುವುದು ಹೇಗೆ

ವಯಸ್ಸು ಹನ್ನೊಂದು ಹನ್ನೆರಡು ಇರಲಿ. ಹೆಸರನ್ನು ಶಾಸನಗಳಿಂದ ತೆಗೆದುಕೊಳ್ಳಿ. ಲಕ್ಕಲೆ, ಬಾಚಲೆ, ನಾಗಿಯಕ್ಕ, ಮಾಚಿಕಬ್ಬೆ ಇಂಥವು ಆ ಕಾಲದ ಕಿವಿಗೆ ಒಗ್ಗುತ್ತವೆ. ಮನೆಯಲ್ಲಿ ಲಕ್ಕಿ ಎಂದು ಕರೆಯಲಿ. ಕುಟುಂಬ ಸೆಟ್ಟಿಗಳದಾದರೆ ಒಳ್ಳೆಯದು. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘದ ಹೆಸರು ಊರೂರ ಬಾಗಿಲು ತೆರೆಸುತ್ತಿತ್ತು. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀ ದೇವಾಲಯವನ್ನು ಕಟ್ಟಿಸಿದ್ದು ಕಲ್ಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಆ ಅಂಗಳದಲ್ಲಿ ಒಂದು ಮಧ್ಯಾಹ್ನ ಕೂತರೆ ವರ್ತಕರ ಮನೆಯ ಹಣ, ಹಮ್ಮು ಎರಡೂ ತಲೆಗೆ ಹೋಗುತ್ತದೆ.

ಗಂಡುವೇಷ ಹಾಕಿಸುವುದು, ಮೂಟೆಯ ಹಿಂದೆ ಅಡಗಿಸುವುದು ಬೇಡ. ಎರಡೂ ಸವಕಲು. ಸರಕು ತುಂಬುವಾಗ ಒಂದೊಂದು ಮೂಟೆಯನ್ನೂ ಎಣಿಸಿ ಜೋಡಿಸುತ್ತಾರೆ. ಮೆಣಸಿನ ಧೂಳಿನಲ್ಲಿ ಅಡಗಿದವಳು ಸೀನದೆ ಒಂದು ಗಳಿಗೆ ಇರಲಾರಳು. ವರ್ತಕರು ಮನೆಮಂದಿಯೊಡನೆ ಪಯಣ ಹೋದದ್ದುಂಟು. ಹಾಗೆ ಹೊರಟ ವರ್ತಕನೊಬ್ಬನ ಮಗಳಿಗೆ ಜೊತೆಯಾಗಿ ಲಕ್ಕಿಯನ್ನು ಕಳಿಸಿ. ಇಬ್ಬರು ಹುಡುಗಿಯರಿದ್ದರೆ ಮಾತು ಹುಟ್ಟುತ್ತದೆ, ಜಗಳ ಹುಟ್ಟುತ್ತದೆ. ಹಡಗಿನಲ್ಲಿ ತುಳು, ಮಲಯಾಳ, ಅರಬ್ಬಿ ಎಲ್ಲ ಕೇಳಿಸಲಿ, ಆದರೆ ಲಕ್ಕಿಗೆ ಮೊದಲ ವಾರ ಏನೂ ಅರ್ಥವಾಗದಿರಲಿ. ಮೂರನೆಯ ದಿನಕ್ಕೇ ಅರಬ್ಬಿ ಮಾತಾಡುವ ನಾಯಕಿಯನ್ನು ಮಕ್ಕಳು ನಂಬುವುದಿಲ್ಲ.

ಆ ಕಾಲದ ಹಡಗುಗಳಲ್ಲಿ ಗುಲಾಮರೂ ಇದ್ದರು. ಬೊಮ್ಮನೂ ಗುಲಾಮನೇ, ವ್ಯವಹಾರ ನಂಬಿ ಒಪ್ಪಿಸುವಷ್ಟು ದೊಡ್ಡವನಾದರೂ. ಇದನ್ನು ಮುಚ್ಚಿಡಬೇಡಿ, ಉಪನ್ಯಾಸವನ್ನೂ ಮಾಡಬೇಡಿ. "ನಿಮ್ಮ ಮನೆಗೆ ಯಾವಾಗ ಹೋಗ್ತೀಯ ಅಣ್ಣ?" ಎಂದು ಲಕ್ಕಿ ಕೇಳಲಿ, ಅವನು ಹಗ್ಗದ ಗಂಟು ಬಿಗಿಯುತ್ತ ಬೇರೆ ಮಾತೆತ್ತಲಿ. ಹತ್ತು ವರ್ಷದ ಓದುಗರಿಗೆ ಅಷ್ಟು ಸಾಕು.

ಅವಳಿಗೊಂದು ಕಸುಬು ಕೊಡಿ. ಕಡಲವರಿಗೆ ತಿಳಿಯದ, ಘಟ್ಟದವರಿಗೆ ಮಾತ್ರ ತಿಳಿದ ಕಸುಬು: ಮೆಣಸಿನ ಒಣಗು ನೋಡುವುದು. ನೂರು ಕಿಲೋ ಹಸಿ ಮೆಣಸು ಒಣಗಿದರೆ ಸುಮಾರು 33 ಕಿಲೋ ಆಗುತ್ತದೆ. ಚೆನ್ನಾದ ಬಿಸಿಲಿಗೆ ಐದರಿಂದ ಏಳು ದಿನ. ತೇವ ನೂರಕ್ಕೆ ಹನ್ನೆರಡಕ್ಕಿಂತ ಮೇಲಿದ್ದರೆ ಮೂಟೆಯೊಳಗೆ ಕಾವು ಏರಿ ಬೂಸ್ಟು ಹಿಡಿಯುತ್ತದೆ. ಒಣಗಿದ ಕಾಳು ಹಲ್ಲಿಗೆ ಸಿಕ್ಕರೆ ಕಟಕ್ಕನೆ ಒಡೆಯುತ್ತದೆ, ಹಸಿಯಿದ್ದದ್ದು ನಜ್ಜಾಗುತ್ತದೆ. ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿದರೆ ಬೆಚ್ಚಗೆ ತಾಗುವುದು ಕೆಟ್ಟ ಮೂಟೆ. ಗಡಿಬಿಡಿಯಲ್ಲಿ ಒಣಗಿಸಿದ ಸರಕು, ಸೋರುವ ಹಡಗು, ಅದನ್ನು ಕೈಯಲ್ಲೇ ಪತ್ತೆಹಚ್ಚುವ ಹುಡುಗಿ. ಕತ್ತಿ ಹಿಡಿಸದೆಯೇ ಅವಳು ಇಡೀ ಹಡಗಿಗೆ ಬೇಕಾದವಳಾಗುತ್ತಾಳೆ.

ಘಟ್ಟ ಇಳಿಸುವುದು

ಮೊದಲ ಮೂರು ಅಧ್ಯಾಯ ದಾರಿಗೆ ಮೀಸಲು. ಗಾಡಿ ಹೂಡಬೇಡಿ. ಘಟ್ಟದಲ್ಲಿ ಗಾಡಿರಸ್ತೆ ಆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಎಲ್ಲವೂ ಹೇರೆತ್ತಿನ ಬೆನ್ನಮೇಲೆ. ಒಂದು ಎತ್ತಿಗೆ ಎರಡು ಬದಿಗೆ ಸೇರಿ ಸುಮಾರು ನೂರು ಕಿಲೋ. ಇಪ್ಪತ್ತು ಎತ್ತಿಗೆ ಎರಡು ಟನ್. ನೂರು ಟನ್ ಹಿಡಿಯುವ ಹಡಗಿಗೆ ಸಾವಿರ ಎತ್ತಿನ ಹೇರು ಬೇಕು. ಅಪ್ಪನ ಮೆಣಸು ಹಡಗಿನ ಒಂದು ಮೂಲೆಗೂ ಸಾಲದು ಎಂಬುದು ಬಂದರಿನಲ್ಲಿ ಲಕ್ಕಿಗೆ ಹೊಳೆಯುವ ಗಳಿಗೆಯನ್ನು ಬಿಡಬೇಡಿ.

ಬೇಲೂರಿನಿಂದ ಮೂಡಿಗೆರೆ ಕಡೆಯ ದಾರಿ ಹಿಡಿದು ಚಾರ್ಮಾಡಿ ಇಳಿದರೆ ಮಂಗಳೂರಿಗೆ ಇಂದಿನ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್. ಹೇರೆತ್ತು ದಿನಕ್ಕೆ ಹದಿನೈದು ಕಿಲೋಮೀಟರ್ ನಡೆದರೆ ಹೆಚ್ಚು, ಇಳಿಜಾರಿನಲ್ಲಿ ಇನ್ನೂ ಕಡಿಮೆ. ಹನ್ನೆರಡು ದಿನ ಹಿಡಿಯಿರಿ. ಇಳಿಯುವಾಗ ಹೇರು ಎತ್ತಿನ ಕುತ್ತಿಗೆಯತ್ತ ಜಾರುತ್ತದೆ. ಬಾಲದ ಕೆಳಗಿಂದ ಪಟ್ಟಿ ಬಿಗಿಯದಿದ್ದರೆ ಎತ್ತು ಮುಗ್ಗರಿಸುತ್ತದೆ. ಎದುರಿಗೆ ಉಪ್ಪು, ಒಣಮೀನು ಹೊತ್ತ ಎತ್ತುಗಳು ಹತ್ತಿ ಬರಲಿ. ದಾರಿಯಲ್ಲಿ ವೇಣೂರಿನ ಗೊಮ್ಮಟನನ್ನು ತೋರಿಸುವ ಆಸೆಯಾಗುತ್ತದೆ. ತಡೆದುಕೊಳ್ಳಿ, ಅವನು ನಿಂತದ್ದು 1604ರಲ್ಲಿ. ಕಾರ್ಕಳದವನು 1432. ಶ್ರವಣಬೆಳಗೊಳದವನೊಬ್ಬನೇ ಆಗಲೇ ಇದ್ದವನು, ಅವನು ನಿಮ್ಮ ದಾರಿಯಲ್ಲಿಲ್ಲ.

ಹಡಗಿನ ಅಂಗಾಂಗ

ಇದನ್ನು ತಿಳಿಯದೆ ಒಂದು ಪುಟವೂ ಮುಂದೆ ಹೋಗಬೇಡಿ. ಆ ಕಾಲದ ಅರಬ್ಬಿ ಕಡಲಿನ ಹಡಗನ್ನು ಮೊಳೆ ಹೊಡೆದು ಕಟ್ಟುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹಲಗೆಯ ಅಂಚಿನಲ್ಲಿ ಸಾಲಾಗಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಬಿಗಿದು, ಸಂದಿಗೆ ನಾರು ತುಂಬಿ, ಮೀನೆಣ್ಣೆ ಬಳಿಯುತ್ತಿದ್ದರು. ಹೊಲಿದ ಹಡಗು ಬಳುಕುತ್ತದೆ. ಮರಳುದಿಣ್ಣೆಗೆ ತಾಗಿದರೂ ತಟ್ಟನೆ ಸೀಳುವುದಿಲ್ಲ. ಆದರೆ ಸದಾ ಸೋರುತ್ತದೆ. ತಳದ ನೀರನ್ನು ಹಗಲೂ ರಾತ್ರಿ ತೋಡಿ ಚೆಲ್ಲುತ್ತಿರಬೇಕು. ಮಕ್ಕಳ ಕೈಗೆ ಮೊದಲು ಬೀಳುವ ಕೆಲಸ ಇದು. ಲಕ್ಕಿಯ ಅಂಗೈ ಮೊದಲ ವಾರ ಬೊಬ್ಬೆ ಬರಲಿ, ಮೂರನೆಯ ವಾರ ದಪ್ಪಗಾಗಲಿ.

ಮಧ್ಯದ ಕಂಬ ಕೂವೆಮರ. ಅದಕ್ಕೆ ಓರೆಯಾಗಿ ಏರಿಸಿದ ಉದ್ದನೆಯ ಅಡ್ಡಮರದಿಂದ ಹಾಯಿ ಇಳಿಬೀಳುತ್ತದೆ. ಗಾಳಿ ಬೇರೆ ಮಗ್ಗುಲಿಗೆ ಬಂದಾಗ ಆ ಅಡ್ಡಮರವನ್ನೇ ಕೂವೆಮರದ ಮುಂದಿನಿಂದ ಆಚೆ ಬದಿಗೆ ದಾಟಿಸಬೇಕು. ಹಡಗಿನ ದಿನಚರಿಯಲ್ಲಿ ಅತಿ ಅಪಾಯದ ಗಳಿಗೆ ಇದು. ಹಗ್ಗ ಕೈತಪ್ಪಿದರೆ ಹಾಯಿ ಪಟಪಟ ಬಡಿದು ಮರವೇ ಮುರಿಯಬಹುದು. ಸಾಹಸದ ಅಧ್ಯಾಯಕ್ಕೆ ಬಿರುಗಾಳಿಗಿಂತ ಇದು ಚೆನ್ನ. ಚುಕ್ಕಾಣಿಗೆ ಚಕ್ರ ಇಲ್ಲ. ಅದು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಚಿತ್ರ ಬರೆಯುವವರಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಚಕ್ರ, ತೋಪು, ತಲೆಬುರುಡೆಯ ಬಾವುಟ ಮೂರೂ ಮುಖಪುಟಕ್ಕೆ ಬಂದು ಕೂರುತ್ತವೆ. ದಡದ ಮನೆಗಳಿಗೆ ಹುಲ್ಲಿನ, ಮಡಲಿನ ಮಾಡು ಹಾಕಿಸಿ, ಕೆಂಪು ಹೆಂಚು ಬೇಡ.

ನೀರಿನ ಲೆಕ್ಕ ಮಾಡಿ. ಮಂಗಳೂರಿನಿಂದ ಏಡನ್ ಸುಮಾರು 3,200 ಕಿಲೋಮೀಟರ್. ಒಳ್ಳೆಯ ಗಾಳಿಯಲ್ಲಿ ಹಡಗು ಗಂಟೆಗೆ ಏಳು ಕಿಲೋಮೀಟರ್ ಸಾಗಿದರೆ ದಿನಕ್ಕೆ 170ರ ಹತ್ತಿರ. ತಡೆಯಿಲ್ಲದೆ ಹೋದರೆ 19 ದಿನ. ಗಾಳಿ ಬಿದ್ದ ದಿನಗಳನ್ನು ಸೇರಿಸಿ ಮೂವತ್ತು ಹಿಡಿಯಿರಿ. ನಲವತ್ತು ಜನ, ಅಡಿಗೆಗೂ ಕುಡಿಯಲೂ ಸೇರಿ ತಲಾ ನಾಲ್ಕು ಲೀಟರ್. ಮೂವತ್ತು ದಿನಕ್ಕೆ 4,800 ಲೀಟರ್. ಎರಡು ದೊಡ್ಡ ಹರವಿ ಒಡೆದರೆ ಎಷ್ಟು ದಿನದ ನೀರು ಹೋಯಿತು ಎಂದು ಲಕ್ಕಿಯೇ ಲೆಕ್ಕ ಹಾಕಲಿ. ಓದುವ ಮಗು ಅವಳ ಜೊತೆಗೇ ಬೆರಳು ಮಡಿಸುತ್ತದೆ.

ಲೆಕ್ಕವನ್ನು ಅವಳು ಕಡತದಲ್ಲಿ ಬರೆಯಲಿ: ಇದ್ದಿಲು, ಹುಣಸೆಬೀಜದ ಸರಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆ, ಮೇಲೆ ಬಳಪದ ಬಿಳಿ ಅಕ್ಷರ. ಬೇಲೂರಿನ ಗುಡಿ ಎದ್ದದ್ದೂ ಬಳಪದ ಕಲ್ಲಿನಲ್ಲೇ, ಹಾಗಾಗಿ ಅವಳ ಸೊಂಟದ ಚೀಲದಲ್ಲಿ ಊರಿನದೇ ಒಂದು ಚೂರು ಇರಬಹುದು. ಕಡಲ ತೇವಕ್ಕೆ ಬಳಪದ ಅಕ್ಷರ ಒರಸಿಹೋಗುತ್ತದೆ. ಆ ತೊಂದರೆಯೂ ಕಥೆಗೆ ಒದಗುತ್ತದೆ. ಹೊತ್ತು ನೋಡಲು ಗಳಿಗೆಬಟ್ಟಲು ಇಡಬೇಡಿ, ಹೊಯ್ದಾಡುವ ಹಡಗಿನಲ್ಲಿ ಅದು ಹೊತ್ತಿಗೆ ಸರಿಯಾಗಿ ಮುಳುಗದು. ದಿಕ್ಸೂಚಿಯೂ ಬೇಡ, ಈ ಕಡಲಲ್ಲಿ ಅದರ ಬಳಕೆ ಕಾಣುವುದು ಇದರ ನಂತರ.

ಧ್ರುವದ ಎತ್ತರ

ಇಡೀ ಕಾದಂಬರಿಯ ಮೂಲ ಈ ಒಂದು ಸಂಗತಿಯಲ್ಲಿದೆ. ಬೇಲೂರು ಇರುವುದು 13.2 ಡಿಗ್ರಿ ಅಕ್ಷಾಂಶದಲ್ಲಿ, ಮಂಗಳೂರು 12.9, ಸೊಕೋತ್ರ 12.5, ಏಡನ್ 12.8. ಹೆಚ್ಚುಕಡಿಮೆ ಒಂದೇ ಗೆರೆ. ಚುಕ್ಕಿಗಳೆಲ್ಲ ಯಾವುದರ ಸುತ್ತ ತಿರುಗುತ್ತವೋ ಆ ಆಕಾಶದ ಉತ್ತರಬಿಂದು ಬೇಲೂರಿನ ಅಂಗಳದಲ್ಲಿ ಎಷ್ಟು ಎತ್ತರವೋ ಏಡನ್ನಿನಲ್ಲೂ ಅಷ್ಟೇ. ಆ ಎತ್ತರ ಕೆಡದಂತೆ ಪಡುವಣಕ್ಕೆ ಹೋಗುತ್ತಿದ್ದರೆ ಏಡನ್ ಸಿಗುತ್ತದೆ. ಅಳತೆಗೆ ಕೈಯೇ ಸಾಕು: ಚಾಚಿದ ತೋಳಿನ ತುದಿಯ ಮುಷ್ಟಿ ಸುಮಾರು ಹತ್ತು ಡಿಗ್ರಿ, ಒಂದು ಬೆರಳು ಒಂದೂವರೆಯಿಂದ ಎರಡು. ಅಜ್ಜ ಊರಿನಲ್ಲಿ ಕಲಿಸಿದ ಮುಷ್ಟಿ-ಎರಡು-ಬೆರಳಿನ ಅಳತೆ ಕಡಲ ನಡುವೆ ಅವಳ ಕೈಯಲ್ಲೇ ಇರುತ್ತದೆ.

ಎಡವುವ ಜಾಗ ಎರಡು. ಲಕ್ಷದ್ವೀಪದ ಬಡಗಣ ತುದಿಯ ಚೆರ್ಬನಿಯಾನಿ ಬಂಡೆಸಾಲು ಇರುವುದು 12.3 ಡಿಗ್ರಿಯಲ್ಲಿ, ಮಂಗಳೂರಿನಿಂದ ಎರಡು ದಿನದ ಹಾದಿ. ಒಂದು ಡಿಗ್ರಿ ಎಂದರೆ 111 ಕಿಲೋಮೀಟರ್, ಹಾಗಾಗಿ ಅರ್ಧ ಬೆರಳು ತೆಂಕಣಕ್ಕೆ ತಪ್ಪಿದರೆ ಹಡಗು ನೇರ ಆ ಬಂಡೆಗಳ ಕಡೆಗೇ. ಎರಡನೆಯದು ಬರೆಯುವವರೇ ಬೀಳುವ ಹಳ್ಳ: 1140ರಲ್ಲಿ ನಮ್ಮ ಇಂದಿನ ಧ್ರುವನಕ್ಷತ್ರ ನಿಜವಾದ ಉತ್ತರಬಿಂದುವಿನಿಂದ ಐದು ಡಿಗ್ರಿಗೂ ದೂರವಿತ್ತು. ಅದೂ ಸುತ್ತುತ್ತಿತ್ತು, ಅದರ ಅತಿ ಮೇಲಿನ ನೆಲೆಗೂ ಅತಿ ಕೆಳಗಿನ ನೆಲೆಗೂ ಹತ್ತು ಡಿಗ್ರಿ ಅಂತರ. ಮುಸ್ಸಂಜೆ ಅಳೆದ ಲಕ್ಕಿ ಬೆಳಗಿನ ಜಾವ ಮತ್ತೆ ಅಳೆದರೆ ಬೆರಳಿನ ಲೆಕ್ಕ ತಪ್ಪುತ್ತದೆ, ಹಡಗು ಒಂದೇ ರಾತ್ರಿಯಲ್ಲಿ ನೂರಾರು ಕಿಲೋಮೀಟರ್ ಸರಿದಂತೆ ಕಾಣುತ್ತದೆ. ಅನುಭವಿ ನಾವಿಕ ಸಪ್ತರ್ಷಿಮಂಡಲ ಎತ್ತ ವಾಲಿದೆ ಎಂದು ನೋಡಿ ತಿದ್ದಿಕೊಳ್ಳುತ್ತಾನೆ. ಇದನ್ನು ಅವಳು ಕಲಿಯುವ ಅಧ್ಯಾಯವೇ ಪುಸ್ತಕದ ನಡುಗಂಬ. ಹೀಗಿರಬಹುದು:

ಲಕ್ಕಿ ಮುಷ್ಟಿಯನ್ನು ಕಡಲ ಅಂಚಿಗೆ ಇಟ್ಟಳು. ಮುಷ್ಟಿಯ ಮೇಲೆ ಒಂದು ಬೆರಳು, ಎರಡು. ಸಂಜೆ ಸರಿಯಾಗಿ ಕೂತಿದ್ದ ಚುಕ್ಕಿ ಈಗ ಬೆರಳಿನ ಹಿಂದೆ ಅಡಗಿತ್ತು. "ಮಾವ, ನಾವು ತಪ್ಪಿದೆವು!" ಚುಕ್ಕಾಣಿ ಹಿಡಿದವನು ತಲೆ ಎತ್ತಲಿಲ್ಲ. "ತಪ್ಪಿದ್ದು ಹಡಗೋ, ಚುಕ್ಕಿಯೋ? ಏಳು ಋಷಿಗಳನ್ನು ಕೇಳು."

ಊಟ

ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಶೇಂಗಾ, ಗೋಡಂಬಿ, ಅನಾನಸ್, ಪರಂಗಿ ಯಾವುದೂ ಇಲ್ಲ. ಎಲ್ಲ ಪೋರ್ಚುಗೀಸರು ಬಂದ ಮೇಲಿನವು, ಅವರು ಬಂದದ್ದು 1498ರಲ್ಲಿ. ಕಾಫಿ ಇಲ್ಲವೇ ಇಲ್ಲ. ಬಾಬಾಬುಡನ್ ಯೆಮೆನ್‌ನಿಂದ ಬೀಜ ತಂದ ಕಥೆ ಹದಿನೇಳನೆಯ ಶತಮಾನದ್ದು, ಹೊಯ್ಸಳರ ಮನೆಯಲ್ಲಿ ಕಾಫಿ ಕುಡಿಸಿದ ಹಸ್ತಪ್ರತಿಯನ್ನು ಚಿಕ್ಕಮಗಳೂರಿನ ಮಗುವೇ ಮೊದಲು ಹಿಡಿಯುತ್ತದೆ. ಖಾರಕ್ಕೆ ಮೆಣಸು, ಶುಂಠಿ. ದಾರಿಬುತ್ತಿಗೆ ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಹುಣಸೆ. ಹಡಗಿನಲ್ಲಿ ಅಕ್ಕಿ, ಒಣಮೀನು, ಖರ್ಜೂರ. ಮರಳು ತುಂಬಿದ ಮರದ ಪೆಟ್ಟಿಗೆಯ ಮೇಲೆ ಒಲೆ.

ಮರಳಿ ಬರುವುದು ಮತ್ತು ಅಳತೆ

ಹನ್ನೆರಡು ಅಧ್ಯಾಯ, ಒಂದೊಂದು 1,200 ಪದ. ಒಂಬತ್ತರಿಂದ ಹನ್ನೆರಡು ವಯಸ್ಸಿನವರಿಗೆ ಒಟ್ಟು 15,000 ಪದಗಳ ಒಳಗಿರಲಿ. ನಾಲ್ಕನೆಯ ಅಧ್ಯಾಯದ ಕೊನೆಗೆ ಹಡಗು ಹೊರಡಬೇಕು. ರಾತ್ರಿಯ ನೆಲಗಾಳಿ, ತುಂಬಿದ ಉಬ್ಬರ ಎರಡೂ ಕೂಡಿದ ಹೊತ್ತು ನೋಡಿ ದೋಣಿಯಲ್ಲಿ ಅಳಿವೆ ದಾಟಿಸಿ, ಆಚೆ ಲಂಗರು ಹಾಕಿದ ದೊಡ್ಡ ಹಡಗಿಗೆ ಹತ್ತಿಸಿ. ಉಬ್ಬರ ದಿನದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತದೆ ಎಂಬುದು ನೆನಪಿರಲಿ.

ಏಡನ್ ಮುಟ್ಟಿದ ಮರುದಿನವೇ ಹಿಂದಿರುಗಿಸುವುದು ಸಾಮಾನ್ಯ ತಪ್ಪು. ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ಮುಟ್ಟಿದವಳು ಆಗಸ್ಟ್‌ವರೆಗೆ ಅಲ್ಲೇ ಇರಬೇಕು. ಸತ್ತ ಜ್ವಾಲಾಮುಖಿಯ ಬಾಯೊಳಗೆ ಕಟ್ಟಿದ ಊರು, ಮಳೆಯೇ ಅಪರೂಪ. ಜಡಿಮಳೆಯಲ್ಲಿ ಬೆಳೆದ ಹುಡುಗಿಗೆ ಆಷಾಢದಲ್ಲಿ ಒಣ ಆಕಾಶ. ಎರಡು ಅಧ್ಯಾಯ ಇದಕ್ಕೆ ಕೊಟ್ಟರೂ ಕಡಿಮೆ. ಸೆಪ್ಟೆಂಬರ್ ಕೊನೆಗೆ ಮಂಗಳೂರು ಮುಟ್ಟಿದರೂ ಘಟ್ಟ ಇನ್ನೂ ಒದ್ದೆ, ಊರು ಸೇರುವಾಗ ದೀಪಾವಳಿ ಹತ್ತಿರ ಬಂದಿರುತ್ತದೆ. ಬಿಟ್ಟುಹೋದ ಕರು ಹಸುವಾಗುವ ಹಾದಿಯಲ್ಲಿರುತ್ತದೆ, ತಮ್ಮ ನಡೆಯುತ್ತಿರುತ್ತಾನೆ. ಈ ಲೆಕ್ಕಗಳನ್ನೂ ಪಂಚಾಂಗದ ಹಾಳೆಯಲ್ಲೇ ಬರೆದಿಡಿ.

ಕರಡು ಮುಗಿದ ಮೇಲೆ ಐದನೆಯ ಅಥವಾ ಆರನೆಯ ತರಗತಿಯ ಮಕ್ಕಳಿಗೆ ಗಟ್ಟಿಯಾಗಿ ಓದಿ, ದಿನಕ್ಕೊಂದು ಅಧ್ಯಾಯ. ಅವರು ಕೇಳುವ ಪ್ರಶ್ನೆಗಳನ್ನು ಅಂಚಿನಲ್ಲಿ ಗುರುತಿಸಿ. "ಆಮೇಲೆ ಏನಾಯ್ತು?" ಎಂದರೆ ಅಲ್ಲಿ ಕೈ ಹಾಕಬೇಡಿ. "ಹೊರಟು ಎಷ್ಟು ದಿನ ಆಯ್ತು? ಗಾಳಿ ಯಾವ ಕಡೆಯಿಂದ?" ಎಂದು ಕೇಳಿದ ಪುಟಕ್ಕೆ ಮಾತ್ರ ಹಿಂದಿರುಗಿ, ಪಂಚಾಂಗದ ಹಾಳೆ ಪಕ್ಕದಲ್ಲಿಟ್ಟುಕೊಂಡು ತಿದ್ದಿ.